ಬೆಂಗಳೂರಿನ ವೃದ್ಧಾಶ್ರಮ, ಹಿರಿಯರ ಡೇ ಕೇರ್‌ಗಳಿಗೆ ಒಂದು ಒಕ್ಕೂಟ ಬೇಕು. ಬೇರೆ ಕಡೆ ಹೇಗೆ ಕಟ್ಟಿದರು?

ಕೆಂಗೇರಿ ಆಶ್ರಮದವರು

ಎಲ್ಲರಿಗೂ ನಮಸ್ಕಾರ. ನಾನು ಮತ್ತು ನಮ್ಮ ಯಜಮಾನರು ಕೆಂಗೇರಿ ಹತ್ತಿರ 22 ಹಾಸಿಗೆಯ ಚಿಕ್ಕ ವೃದ್ಧಾಶ್ರಮ ನಡೆಸುತ್ತಿದ್ದೇವೆ. ಒಂಬತ್ತು ವರ್ಷ ಆಯ್ತು.

ಕಳೆದ ತಿಂಗಳು ರಾತ್ರಿ ಒಂಬತ್ತೂವರೆಗೆ ಒಂದು ಆಸ್ಪತ್ರೆಯಿಂದ ಫೋನ್ ಬಂತು. ಎಪ್ಪತ್ತೆಂಟು ವರ್ಷದ ಅಜ್ಜ. ಡಿಸ್ಚಾರ್ಜ್ ಆಗಿದೆ, ಕರೆದುಕೊಂಡು ಹೋಗಲು ಯಾರೂ ಬಂದಿಲ್ಲ. ಕ್ಯಾತಿಟರ್ (ಮೂತ್ರದ ನಳಿಕೆ) ಹಾಕಿದೆ. ನಮ್ಮಲ್ಲಿ ಒಂದು ಹಾಸಿಗೆಯೂ ಖಾಲಿ ಇರಲಿಲ್ಲ. ಅಡುಗೆಮನೆ ಗೋಡೆಯಲ್ಲಿ ಒಂದು ಹಳೇ ಕ್ಯಾಲೆಂಡರ್ ಇದೆ. ಅದರ ಬೆನ್ನಿಗೆ ಬೇರೆ ಆಶ್ರಮಗಳ ನಂಬರ್ ಬರೆದಿಟ್ಟಿದ್ದೇನೆ. ಒಂದೊಂದಾಗಿ ಮಾಡುತ್ತಾ ಹೋದೆ. ನಾಲ್ಕು ನಂಬರ್ ಈಗ ಇಲ್ಲವೇ ಇಲ್ಲ. ಇಬ್ಬರು ಕ್ಯಾತಿಟರ್ ಇದ್ದರೆ ಬೇಡ ಎಂದರು. ಒಬ್ಬರು ಐವತ್ತು ಸಾವಿರ ಡಿಪಾಸಿಟ್ ಕೇಳಿದರು. ಇಬ್ಬರ ಹತ್ತಿರ ಹೆಂಗಸರಿಗೆ ಮಾತ್ರ ಜಾಗ. ಹತ್ತನೆಯವರು ತಮ್ಮಲ್ಲಿ ಜಾಗ ಇಲ್ಲದಿದ್ದರೂ ಹೊಸಕೋಟೆ ಕಡೆಯ ಇನ್ನೊಬ್ಬರ ನಂಬರ್ ಕೊಟ್ಟರು. ಹನ್ನೊಂದನೇ ಫೋನಿಗೆ ‘ಕರೆದುಕೊಂಡು ಬನ್ನಿ ಅಮ್ಮ’ ಎಂಬ ಮಾತು ಸಿಕ್ಕಿತು. ಆ ಆಶ್ರಮದ ಹೆಸರನ್ನು ನಾನು ಅವತ್ತಿನವರೆಗೆ ಕೇಳಿಯೇ ಇರಲಿಲ್ಲ.

ಆ ಅಜ್ಜ ಅಲ್ಲಿಗೆ ತಲುಪುವಾಗ ರಾತ್ರಿ ಒಂದು ಗಂಟೆ ಹತ್ತಿರ. ಕೈಯಲ್ಲಿ ಫೈಲ್ ಇದ್ದ ಪ್ಲಾಸ್ಟಿಕ್ ಕವರ್. ಕಾಲಲ್ಲಿ ಒಂದೇ ಚಪ್ಪಲಿ. ಇನ್ನೊಂದು ಆಸ್ಪತ್ರೆಯಲ್ಲೇ ಉಳಿದಿತ್ತಂತೆ.

ಒಂದೇ ಊರಿನಲ್ಲಿ ಒಂದೇ ಕೆಲಸ ಮಾಡುವ ನಮಗೆ ಒಬ್ಬರಿಗೊಬ್ಬರ ಪರಿಚಯ ಇಲ್ಲ ಅಲ್ವಾ? ಅದಕ್ಕೇ ಒಂದು ಒಕ್ಕೂಟ ಮಾಡಬೇಕು ಅಂತ ಮನಸ್ಸಿಗೆ ಬಂದಿದೆ. ಹಿಂದೆ ಯಾರಾದರೂ ಮಾಡಿದ್ದಾರಾ, ಬೇರೆ ದೇಶದಲ್ಲಿ ಹೇಗೆ ಬೆಳೆಯಿತು, ಗೊತ್ತಿದ್ದವರು ಬರೆಯಿರಿ.

ಜಾನ್ಸನ್ ಮಾರ್ಕೆಟ್ ಹಳಬ

ಅಮ್ಮ, ನಿಮ್ಮ ಕ್ಯಾಲೆಂಡರ್ ವಿಷಯ ಓದಿ ಮನಸ್ಸಿಗೆ ತುಂಬಾ ತಟ್ಟಿತು.

ನಮ್ಮ ತಂದೆಗೆ ಮಾರ್ಕೆಟ್‌ನಲ್ಲಿ ತರಕಾರಿ ಅಂಗಡಿ ಇತ್ತು. ಹೊಸೂರು ರಸ್ತೆಯಲ್ಲಿ ‘ಲಿಟಲ್ ಸಿಸ್ಟರ್ಸ್ ಆಫ್ ದಿ ಪೂರ್’ ಎಂಬ ಕ್ರೈಸ್ತ ಸನ್ಯಾಸಿನಿಯರ ಪಂಥ ನಡೆಸುವ ವೃದ್ಧರ ಮನೆ ಇದೆಯಲ್ಲ, ಅಲ್ಲಿಂದ ಇಬ್ಬರು ಸಿಸ್ಟರ್ ಚೀಲ ಹಿಡಿದು ಬರುತ್ತಿದ್ದರು. ಅಪ್ಪ ಬೂದುಗುಂಬಳ, ಸೋರೆಕಾಯಿ ತೆಗೆದಿಟ್ಟಿರುತ್ತಿದ್ದರು. ‘ಅಜ್ಜಂದಿರಿಗೆ ಹಲ್ಲಿಲ್ಲ, ಮೆತ್ತಗಿರೋದು ಕೊಡು’ ಅಂತ ನನಗೆ ಹೇಳೋರು. ಬೇಡಿ ತಂದದ್ದರಲ್ಲಿ ವೃದ್ಧರನ್ನು ಸಾಕುವುದು ಆ ಪಂಥದ ಹಳೇ ಪದ್ಧತಿ. 1839ರಲ್ಲಿ ಫ್ರಾನ್ಸಿನಲ್ಲಿ ಜಾನ್ ಜುಗಾನ್ ಎಂಬ ಹೆಂಗಸು ಕುರುಡಿ ಮುದುಕಿಯೊಬ್ಬರನ್ನು ಮನೆಗೆ ಕರೆತಂದು ತನ್ನ ಹಾಸಿಗೆ ಬಿಟ್ಟುಕೊಟ್ಟರಂತೆ. ಅಲ್ಲಿಂದ ಶುರು. ಭಾರತಕ್ಕೆ ಬಂದದ್ದು 1882ರಲ್ಲಿ, ಮೊದಲು ಕಲ್ಕತ್ತಾಗೆ.

ಒಕ್ಕೂಟದ ಬಗ್ಗೆ ನನಗೆ ಜಾಸ್ತಿ ಗೊತ್ತಿಲ್ಲ. ಆದರೆ ಆ ಸಿಸ್ಟರ್‌ಗಳಿಗೆ ಮಾರ್ಕೆಟ್‌ನ ಪ್ರತಿ ಅಂಗಡಿಯೂ ಗೊತ್ತಿತ್ತು. ಯಾರ ಹತ್ತಿರ ಯಾವತ್ತು ಏನು ಉಳಿಯುತ್ತದೆ ಅಂತಲೂ ಗೊತ್ತಿತ್ತು. ನಿಮಗೂ ಅಂಥ ತಿಳಿವಳಿಕೆಯೇ ಬೇಕಿರುವುದು ಅನ್ನಿಸುತ್ತದೆ.

ಮಲ್ಲೇಶ್ವರ 11ನೇ ಕ್ರಾಸ್

ಸ್ವಲ್ಪ ಉದ್ದ ಬರೆಯುತ್ತೇನೆ, ಕ್ಷಮಿಸಿ. ಅಮೆರಿಕದ ಜಾರ್ಜಿಯಾ ರಾಜ್ಯದಲ್ಲಿ ಹಿರಿಯರ ಸೇವೆಯ ಏಜೆನ್ಸಿಯೊಂದರಲ್ಲಿ ಹದಿನಾಲ್ಕು ವರ್ಷ ಕೆಲಸ ಮಾಡಿ ಈಗ ಊರಿಗೆ ಬಂದಿದ್ದೇನೆ. ನೀವು ಕೇಳಿದ ಚರಿತ್ರೆಯ ಒಂದು ತುಂಡು ನನ್ನ ಹತ್ತಿರ ಇದೆ.

1965ರ ಜುಲೈ 14ರಂದು ಅಧ್ಯಕ್ಷ ಲಿಂಡನ್ ಜಾನ್ಸನ್ ಹಿರಿಯರ ಸೇವೆಗೆ ಕೇಂದ್ರ ಸರ್ಕಾರ ದುಡ್ಡು ಕೊಡುವ ‘ಓಲ್ಡರ್ ಅಮೆರಿಕನ್ಸ್ ಆಕ್ಟ್’ಗೆ ಸಹಿ ಹಾಕಿದರು. ಮೊದಲ ಕೆಲವು ವರ್ಷ ದುಡ್ಡು ರಾಜ್ಯಗಳಿಗೆ ಹೋಗುತ್ತಿತ್ತು. ಅಲ್ಲಿಂದ ಅಲ್ಲೊಂದು ಇಲ್ಲೊಂದು ಸಂಸ್ಥೆಗೆ. ಒಂದು ಊರಲ್ಲಿ ಊಟ ಸಿಗುತ್ತದೆ, ಪಕ್ಕದ ಊರಲ್ಲಿ ಏನೂ ಇಲ್ಲ. 1972ರಲ್ಲಿ ಹಿರಿಯರ ಊಟದ ಯೋಜನೆ ಬಂತು. 1973ರಲ್ಲಿ ಕಾಯಿದೆಗೆ ದೊಡ್ಡ ತಿದ್ದುಪಡಿ ಆಯ್ತು. ಪ್ರತಿ ರಾಜ್ಯವನ್ನೂ ಚಿಕ್ಕ ಪ್ರದೇಶಗಳಾಗಿ ಹಂಚಿ, ಒಂದೊಂದಕ್ಕೂ ಒಂದು ‘ಏರಿಯಾ ಏಜೆನ್ಸಿ ಆನ್ ಏಜಿಂಗ್’ ನೇಮಿಸಬೇಕು ಅಂತ ಆಯ್ತು. ಈಗ ದೇಶದಲ್ಲಿ ಅಂಥವು ಆರುನೂರಕ್ಕೂ ಜಾಸ್ತಿ ಇವೆ.

ಇದರಲ್ಲಿ ನನಗೆ ತುಂಬಾ ಹಿಡಿಸಿದ ವಿಷಯ ಒಂದಿದೆ. ಆ ಏಜೆನ್ಸಿ ಸಾಮಾನ್ಯವಾಗಿ ತಾನೇ ಅಡುಗೆ ಮಾಡುವ ಹಾಗಿಲ್ಲ, ತಾನೇ ವ್ಯಾನ್ ಓಡಿಸುವ ಹಾಗಿಲ್ಲ. ಬೇರೆ ದಾರಿ ಇಲ್ಲದಿದ್ದರೆ ಮಾತ್ರ ಒಪ್ಪಿಗೆ. ಅದರ ಕೆಲಸ ಯಾರು ಏನು ಮಾಡುತ್ತಿದ್ದಾರೆ ಅಂತ ತಿಳಿದಿರುವುದು, ಎಲ್ಲಿ ಕೊರತೆ ಇದೆ ಅಂತ ನೋಡುವುದು, ಒಬ್ಬರನ್ನು ಇನ್ನೊಬ್ಬರಿಗೆ ಜೋಡಿಸುವುದು. ನಿಮ್ಮ ಕ್ಯಾಲೆಂಡರ್ ಬೆನ್ನನ್ನೇ ಒಂದು ಕಚೇರಿ ಮಾಡಿದ ಹಾಗೆ.

ಇಷ್ಟು ಏಜೆನ್ಸಿಗಳು ಹುಟ್ಟಿದ ಮೇಲೆ ಎಲ್ಲರಿಗೂ ಒಂದೇ ತೊಂದರೆ. ಹೊಸ ನಿಯಮ, ಹೊಸ ಫಾರಂ, ಕಲಿಸುವವರಿಲ್ಲ. 1975ರಲ್ಲಿ ಇವಕ್ಕೆಲ್ಲ ಸೇರಿ ಒಂದು ರಾಷ್ಟ್ರೀಯ ಸಂಘ ಹುಟ್ಟಿತು. 2021ರಲ್ಲಿ ಅದು ‘ಯುಎಸ್‌ಏಜಿಂಗ್’ ಅಂತ ಹೆಸರು ಬದಲಿಸಿಕೊಂಡಿತು. ಅದರ ಕೆಳಗೆ ಪ್ರಾಂತೀಯ ಸಂಘಗಳು. ಅಲ್ಲಿನ ಕೇಂದ್ರ ಸರ್ಕಾರ ದೇಶವನ್ನು ಆಡಳಿತಕ್ಕೆ ಹತ್ತು ವಲಯ ಮಾಡಿದೆ. ನಾಲ್ಕನೇ ವಲಯದ ಕಚೇರಿ ಅಟ್ಲಾಂಟಾದಲ್ಲಿ. ಅಲಬಾಮಾ, ಫ್ಲಾರಿಡಾ, ಜಾರ್ಜಿಯಾ, ಕೆಂಟಕಿ, ಮಿಸಿಸಿಪಿ, ಟೆನೆಸಿ, ಎರಡು ಕ್ಯಾರೊಲಿನಾಗಳು, ಒಟ್ಟು ಎಂಟು ರಾಜ್ಯ. ಈ ಆಗ್ನೇಯ ಭಾಗದ ಏಜೆನ್ಸಿಗಳಿಗೆ ಅವರದೇ ಸಂಘ ಇದೆ.

ರಾಷ್ಟ್ರೀಯ ಸಂಘ ಇದ್ದ ಮೇಲೆ ಪ್ರಾಂತೀಯ ಸಂಘ ಯಾಕೆ ಅಂತ ಮೊದಲು ನಾನೂ ಕೇಳಿದ್ದೆ. ಕೆಲಸ ಮಾಡುತ್ತಾ ಅರ್ಥ ಆಯ್ತು. ವಾಷಿಂಗ್ಟನ್‌ನಲ್ಲಿ ದುಡ್ಡಿನ ಮಾತು, ಕಾನೂನಿನ ಮಾತು. ಅಕ್ಕಪಕ್ಕದ ರಾಜ್ಯದವರ ಜೊತೆ ಕೆಲಸದ ಮಾತು. ಚಂಡಮಾರುತ ಬರುತ್ತದೆ ಅಂದರೆ ಫ್ಲಾರಿಡಾದ ಅಜ್ಜಿ ಜಾರ್ಜಿಯಾದ ಮಗಳ ಮನೆಗೆ ಬರುತ್ತಾರೆ. ಅವರಿಗೆ ಊಟ ಯಾರು ಕಳಿಸಬೇಕು? ಆಕ್ಸಿಜನ್ ಯಂತ್ರ ಯಾರು ಹುಡುಕಬೇಕು? ಆಗ ಆ ಕಡೆಯವರ ಹೆಸರು, ಧ್ವನಿ ಎರಡೂ ಗೊತ್ತಿದ್ದರೆ ಕೆಲಸ ಹತ್ತು ನಿಮಿಷದಲ್ಲಿ ಮುಗಿಯುತ್ತದೆ. ಗೊತ್ತಿಲ್ಲದಿದ್ದರೆ ಹನ್ನೊಂದು ಫೋನ್.

ಜಯನಗರ ಡೇ ಕೇರ್

ಉತ್ಸಾಹಕ್ಕೆ ಅಡ್ಡ ಬರುವ ಮನಸ್ಸಿಲ್ಲ, ಆದರೂ ಹೇಳಲೇಬೇಕು. ಸುಮಾರು ಹತ್ತು ವರ್ಷದ ಹಿಂದೆ ನಾವು ಆರು ಸಂಸ್ಥೆಯವರು ಸೇರಿ ಇದನ್ನೇ ಶುರು ಮಾಡಿದ್ದೆವು. ಮೊದಲ ಸಭೆಯಲ್ಲಿ ಅಧ್ಯಕ್ಷರು ಯಾರು ಅಂತ ಎರಡು ಗಂಟೆ. ಎರಡನೇ ಸಭೆಯಲ್ಲಿ ಅಕ್ಟೋಬರ್ 1ರ ಹಿರಿಯರ ದಿನಾಚರಣೆಗೆ ಯಾರನ್ನು ಕರೆಯುವುದು, ಯಾರಿಗೆ ಶಾಲು. ಎಂಟು ತಿಂಗಳಲ್ಲಿ ನಿಂತುಹೋಯಿತು. ಯಾರೂ ಕೆಟ್ಟವರಲ್ಲ. ಸೇರಿ ಮಾಡುವ ಕೆಲಸ ಇರಲಿಲ್ಲ, ಅಷ್ಟೇ.

2020ರಲ್ಲಿ ಕೊರೊನಾ ಬಂದಾಗ ಅದೇ ಜನ ಸುಮ್ನೆ ಒಂದು ವಾಟ್ಸಾಪ್ ಗುಂಪು ಮಾಡಿದೆವು. ಅಧ್ಯಕ್ಷರಿಲ್ಲ, ಲೆಟರ್‌ಹೆಡ್ ಇಲ್ಲ. ‘ನಮ್ಮ ಹತ್ತಿರ ಆಕ್ಸಿಮೀಟರ್ ಎರಡು ಜಾಸ್ತಿ ಇದೆ.’ ‘ಅಡುಗೆಯವರಿಗೆ ಜ್ವರ, ನಾಳೆ ಮೂವತ್ತು ಜನಕ್ಕೆ ಊಟ ಯಾರು ಕೊಡ್ತೀರಾ?’ ದಿನಕ್ಕೆ ನೂರು ಮೆಸೇಜ್. ಒಂದು ದಿನ ಬನಶಂಕರಿಯಿಂದ ಇಡ್ಲಿ ಡಬ್ಬ ನಮ್ಮ ಗೇಟಿಗೆ ಬಂತು. ಕಳಿಸಿದವರ ಮುಖ ನಾನು ಇವತ್ತಿನವರೆಗೂ ನೋಡಿಲ್ಲ.

ಹಾಗಾಗಿ ನನ್ನ ಕೋರಿಕೆ ಇಷ್ಟೇ. ಹೆಸರು, ಬೈಲಾ, ಪದಾಧಿಕಾರಿ ಎಲ್ಲ ಆಮೇಲೆ. ಮೊದಲು ವಾರಕ್ಕೊಮ್ಮೆ ಎಲ್ಲರೂ ಮಾಡುವ ಒಂದು ಕೆಲಸ ಇರಲಿ.

ಬಸವನಗುಡಿ ಸೊಸೆ

ಸೇರಿ ಮಾಡಿದ ಕೆಲಸಕ್ಕೆ ನಮ್ಮೂರಲ್ಲೇ ಒಳ್ಳೆ ಉದಾಹರಣೆ ಇದೆ. 1090 ಹಿರಿಯರ ಸಹಾಯವಾಣಿ. 2002ರಲ್ಲಿ ಬೆಂಗಳೂರು ನಗರ ಪೊಲೀಸರು ಮತ್ತು ನೈಟಿಂಗೇಲ್ಸ್ ಮೆಡಿಕಲ್ ಟ್ರಸ್ಟ್ ಸೇರಿ ಶುರು ಮಾಡಿದ್ದು. ಇನ್‌ಫೆಂಟ್ರಿ ರಸ್ತೆಯ ಪೊಲೀಸ್ ಕಮಿಷನರ್ ಕಚೇರಿಯಲ್ಲಿ. ಆ ಟ್ರಸ್ಟ್ ಹುಟ್ಟಿದ್ದು 1998ರಲ್ಲಿ. ಅಂದರೆ ನಾಲ್ಕೇ ವರ್ಷದ ಸಂಸ್ಥೆ ಪೊಲೀಸ್ ಇಲಾಖೆಯ ಜೊತೆ ಕೈಜೋಡಿಸಿತು.

ನಮ್ಮ ಅತ್ತೆಯ ಅಕ್ಕನ ವಿಷಯಕ್ಕೆ ಒಮ್ಮೆ ಅಲ್ಲಿಗೆ ಹೋಗಿದ್ದೆ. ಮನೆ ಬರೆಸಿಕೊಂಡ ಮೇಲೆ ಮಗ ಊಟ ಕೊಡುತ್ತಿರಲಿಲ್ಲ. ದೊಡ್ಡಮ್ಮನಿಗೆ ಪೊಲೀಸ್ ಅಂದರೆ ಭಯ. ‘ಮಗನ್ನ ಹಿಡ್ಕೊಂಡು ಹೋಗ್ತಾರಾ?’ ಅಂತ ದಾರಿ ಉದ್ದಕ್ಕೂ ಕೇಳುತ್ತಿದ್ದರು. ಒಳಗೆ ಕೂತಿದ್ದ ಆಪ್ತ ಸಮಾಲೋಚಕಿ ಮೊದಲು ನೀರು ಕೊಟ್ಟು, ‘ಅಮ್ಮ, ಬೆಳಿಗ್ಗೆ ಏನು ತಿಂದ್ರಿ?’ ಎಂದರು. ಆ ಒಂದು ಮಾತಿಗೆ ದೊಡ್ಡಮ್ಮ ಅಳುತ್ತಾ ಎಲ್ಲ ಹೇಳಿದರು. ಮಾತಾಡಲು ಸಮಾಲೋಚಕಿ, ಮಗ ಬರಲು ಪೊಲೀಸ್ ಹೆಸರು. ಎರಡರಲ್ಲಿ ಒಂದೇ ಇದ್ದಿದ್ದರೆ ನಮ್ಮ ಕೆಲಸ ಆಗುತ್ತಿರಲಿಲ್ಲ.

2021ರಿಂದ ದೇಶಕ್ಕೆಲ್ಲ 14567 ಎಂಬ ಎಲ್ಡರ್‌ಲೈನ್ ಬಂದಿದೆ. ಬೆಳಿಗ್ಗೆ 8ರಿಂದ ರಾತ್ರಿ 8. ಕೆಂಗೇರಿ ಅಕ್ಕ, ನಿಮ್ಮ ಫೋನ್ ಬಂದದ್ದು ಒಂಬತ್ತೂವರೆಗೆ. ಆ ಹೊತ್ತಿಗೆ ನೀವೆಲ್ಲ ಒಬ್ಬರಿಗೊಬ್ಬರು ಸಿಗುವಂತಿದ್ದರೆ ಎಷ್ಟು ಚೆನ್ನ.

ಲೆಕ್ಕ ಬರೆಯುವವನು, ರಾಜಾಜಿನಗರ

ಕೆಲವು ಸಂಸ್ಥೆಗಳ ಲೆಕ್ಕ ನೋಡುತ್ತೇನೆ. ಕಾಗದದ ವಿಷಯ ಹೇಳಿಬಿಡುತ್ತೇನೆ.

ಕರ್ನಾಟಕ ಸಂಘಗಳ ನೋಂದಣಿ ಕಾಯಿದೆ 1960ರದ್ದು. ಏಳು ಜನ ಸೇರಿದರೆ ಸಂಘ ನೋಂದಾಯಿಸಬಹುದು. ನೋಂದಣಿ ಕಷ್ಟ ಅಲ್ಲ. ಪ್ರತಿ ವರ್ಷ ಸರ್ವ ಸದಸ್ಯರ ಸಭೆ ಮಾಡಿ ಪಟ್ಟಿ, ಲೆಕ್ಕ ಸಲ್ಲಿಸುವುದನ್ನು ಮರೆಯುತ್ತಾರೆ. ಅಲ್ಲೇ ಸಂಘಗಳು ಸಾಯುವುದು.

ಇನ್ನೊಂದು ಮುಖ್ಯ ವಿಷಯ. ಮೊದಲು ದೊಡ್ಡ ಸಂಸ್ಥೆ ವಿದೇಶದ ದೇಣಿಗೆ ತಂದು ಚಿಕ್ಕವರಿಗೆ ಹಂಚಬಹುದಿತ್ತು. ಎಷ್ಟೋ ಒಕ್ಕೂಟಗಳು ಹಾಗೆಯೇ ನಡೆಯುತ್ತಿದ್ದವು. 2020ರಲ್ಲಿ ವಿದೇಶಿ ದೇಣಿಗೆ ಕಾಯಿದೆಗೆ ತಿದ್ದುಪಡಿ ಬಂದು ಅದು ನಿಂತಿತು. ತಂದವರೇ ಖರ್ಚು ಮಾಡಬೇಕು, ಇನ್ನೊಬ್ಬರಿಗೆ ವರ್ಗಾಯಿಸುವ ಹಾಗಿಲ್ಲ. ಆಡಳಿತದ ಖರ್ಚಿಗೆ ನೂರಕ್ಕೆ ಐವತ್ತು ಇದ್ದದ್ದು ಇಪ್ಪತ್ತಕ್ಕೆ ಇಳಿಯಿತು. ಆದ್ದರಿಂದ ‘ಒಕ್ಕೂಟ ದುಡ್ಡು ತಂದುಕೊಡುತ್ತದೆ’ ಎಂಬ ಆಸೆ ಇಟ್ಟುಕೊಂಡು ಯಾರೂ ಸೇರಬೇಡಿ. ಡಯಾಪರ್, ಅಕ್ಕಿ, ಔಷಧಿ ಒಟ್ಟಿಗೆ ಕೊಂಡರೆ ಎಷ್ಟು ಉಳಿಯುತ್ತದೆ ನೋಡಿ. ನಾನು ಲೆಕ್ಕ ನೋಡುವ ಎರಡು ಆಶ್ರಮಗಳು ಒಂದೇ ಕಂಪನಿಯ ಡಯಾಪರ್‌ಗೆ ಬೇರೆ ಬೇರೆ ದರ ಕೊಡುತ್ತಿವೆ. ನೋಡಿ ಸಂಕಟ ಆಗುತ್ತದೆ.

ನಿವೃತ್ತ ಗುಮಾಸ್ತ, ಕಂದಾಯ

ಮೇಲಿನ ಸರ್ ಹೇಳಿದ್ದಕ್ಕೆ ಒಂದು ಸೇರಿಸುತ್ತೇನೆ. ಬೈಲಾ ಆಮೇಲೆ ಇರಲಿ ಅಂತ ಜಯನಗರದವರು ಹೇಳಿದ್ದು ಸರಿ. ಆದರೆ ನೋಂದಣಿ ಆದ ಸಂಘಕ್ಕೆ ಒಂದು ಬಲ ಇದೆ.

ತಂದೆ ತಾಯಿ ಮತ್ತು ಹಿರಿಯ ನಾಗರಿಕರ ಪೋಷಣೆ ಕಾಯಿದೆ 2007ರದ್ದು. ಉಪವಿಭಾಗಾಧಿಕಾರಿ, ನಾವು ಎಸಿ ಅನ್ನುತ್ತೇವಲ್ಲ, ಜೀವನಾಂಶ ಕೇಳಿ ಅವರ ಮುಂದೆ ಅರ್ಜಿ. ಹಿರಿಯರು ತಾವೇ ಬರಲು ಆಗದಿದ್ದರೆ ಅವರು ಒಪ್ಪಿ ಕಳಿಸಿದ ಇನ್ನೊಬ್ಬರು, ಅಥವಾ ಅವರು ಒಪ್ಪಿದ ನೋಂದಾಯಿತ ಸಂಘ ಹಾಕಬಹುದು. ಇದು ಐದನೇ ಸೆಕ್ಷನ್ನಿನಲ್ಲೇ ಇದೆ. ಜೀವನಾಂಶ ತಿಂಗಳಿಗೆ ಹೆಚ್ಚೆಂದರೆ ಹತ್ತು ಸಾವಿರ. ನೋಟಿಸ್ ಜಾರಿಯಾದ ಮೇಲೆ 90 ದಿನದಲ್ಲಿ ತೀರ್ಮಾನ ಆಗಬೇಕು, ಬೇಕಿದ್ದರೆ ಇನ್ನೊಂದು ತಿಂಗಳು. ನೋಡಿಕೊಳ್ಳುತ್ತೇನೆ ಎಂಬ ಷರತ್ತಿನ ಮೇಲೆ ಆಸ್ತಿ ಬರೆಸಿಕೊಂಡು ಕೈಬಿಟ್ಟರೆ 23ನೇ ಸೆಕ್ಷನ್ ಪ್ರಕಾರ ಆ ಪತ್ರ ರದ್ದು ಮಾಡಿಸಬಹುದು. 2025ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಇನ್ನೂ ಮುಂದೆ ಹೋಗಿ, ಎಸಿ ನಡೆಸುವ ಈ ಟ್ರಿಬ್ಯೂನಲ್ ಆಸ್ತಿಯ ಸ್ವಾಧೀನವನ್ನೂ ವಾಪಸ್ ಕೊಡಿಸಬಹುದು ಎಂದಿದೆ.

ಎಸಿ ಕಚೇರಿಯ ವರಾಂಡದಲ್ಲಿ ಕಾಯುತ್ತಾ ಕೂತ ಎಷ್ಟೋ ಅಜ್ಜಿಯರನ್ನು ನೋಡಿದ್ದೇನೆ. ಒಬ್ಬರು ಅರ್ಜಿಯನ್ನು ಸೆರಗಿನಲ್ಲಿ ಗಂಟು ಹಾಕಿಕೊಂಡು ಬರುತ್ತಿದ್ದರು. ಬಿಚ್ಚಿ ಕೊಡುವಷ್ಟರಲ್ಲಿ ಕೈ ನಡುಗುತ್ತಿತ್ತು. ಅವರ ಪಕ್ಕದಲ್ಲಿ ಸಂಘದವರು ಒಬ್ಬರು ಕೂತಿದ್ದಿದ್ದರೆ ಅಂತ ಈಗಲೂ ಅನ್ನಿಸುತ್ತದೆ.

ಅದೇ ಕಾಯಿದೆಯ 19ನೇ ಸೆಕ್ಷನ್ನಿನಲ್ಲಿ ಜಿಲ್ಲೆಗೆ ಒಂದಾದರೂ ವೃದ್ಧಾಶ್ರಮ, ಕನಿಷ್ಠ 150 ಬಡ ಹಿರಿಯರಿಗೆ ಅಂತ ಇದೆ. ಆದರೆ ಸರ್ಕಾರ ಸ್ಥಾಪಿಸ‘ಬಹುದು’ ಅಂತ ಬರೆದಿದ್ದಾರೆ, ‘ಬೇಕು’ ಅಂತ ಅಲ್ಲ. 2011ರ ಜನಗಣತಿಯಲ್ಲೇ ಕರ್ನಾಟಕದಲ್ಲಿ ಅರವತ್ತು ದಾಟಿದವರು ನೂರಕ್ಕೆ ಒಂಬತ್ತೂವರೆ. ಆ ಒಂದು ಪದ ಬದಲಾಗಬೇಕು ಅಂದರೆ ಒಬ್ಬೊಬ್ಬರೇ ಹೋಗಿ ಕೇಳಿದರೆ ಆಗುವುದಿಲ್ಲ.

ಆಶ್ರಮವಾಸಿ, 81

ನಾನು ಆಶ್ರಮ ನಡೆಸುವವಳಲ್ಲ, ಆಶ್ರಮದಲ್ಲಿ ಇರುವವಳು. ಮೊಮ್ಮಗ ಫೋನಿನಲ್ಲಿ ಕನ್ನಡ ಬರೆಯುವುದು ಕಲಿಸಿದ್ದಾನೆ.

ಇಲ್ಲಿ ಎಲ್ಲರೂ ನಮ್ಮ ಬಗ್ಗೆ ಪ್ರೀತಿಯಿಂದ ಬರೆದಿದ್ದೀರಿ. ಸಂತೋಷ. ನಿಮ್ಮ ಒಕ್ಕೂಟದ ಸಭೆಯಲ್ಲಿ ನಮ್ಮಂಥವರಿಗೆ ಕುರ್ಚಿ ಇರುತ್ತದೆಯೇ? ನಾನು ಮೊದಲು ಇದ್ದ ಒಂದು ಆಶ್ರಮದಲ್ಲಿ ರಾತ್ರಿ ಊಟ ಆರೂವರೆಗೆ. ಕೆಲಸದವರು ಬೇಗ ಮನೆಗೆ ಹೋಗಬೇಕು, ಪಾಪ. ಬೆಳಿಗ್ಗೆ ತಿಂಡಿ ಎಂಟೂವರೆಗೆ. ನನಗೆ ಸಕ್ಕರೆ ಕಾಯಿಲೆ. ನಡುರಾತ್ರಿ ಕೈಕಾಲು ನಡುಗುತ್ತಿತ್ತು. ದಿಂಬಿನ ಕೆಳಗೆ ಎರಡು ಬಿಸ್ಕತ್ತು ಇಟ್ಟುಕೊಳ್ಳುತ್ತಿದ್ದೆ. ಇರುವೆ ಬರುತ್ತದೆ ಅಂತ ಅದನ್ನೂ ತೆಗೆದರು. ಯಾರೂ ಕೆಟ್ಟದ್ದು ಮಾಡಬೇಕು ಅಂತ ಮಾಡಲಿಲ್ಲ. ನಮ್ಮನ್ನು ಒಂದು ಮಾತು ಕೇಳಲಿಲ್ಲ, ಅಷ್ಟೇ.

ಮಲ್ಲೇಶ್ವರ 11ನೇ ಕ್ರಾಸ್

ಅಮ್ಮ, ನಾನು ಮೊದಲೇ ಬರೆಯಬೇಕಿತ್ತು. ಅಲ್ಲಿ ಪ್ರತಿ ಏರಿಯಾ ಏಜೆನ್ಸಿಗೂ ಒಂದು ಸಲಹಾ ಸಮಿತಿ ಇರಲೇಬೇಕು. ಅದರಲ್ಲಿ ಅರ್ಧಕ್ಕಿಂತ ಜಾಸ್ತಿ ಜನ ಅರವತ್ತು ದಾಟಿದವರೇ ಆಗಿರಬೇಕು. ನಿಯಮವೇ ಹಾಗಿದೆ. ನಮ್ಮ ಸಮಿತಿಯಲ್ಲಿ ಒಬ್ಬ ಹಳೇ ಶಾಲಾ ಬಸ್ ಡ್ರೈವರ್ ಇದ್ದರು. ಊಟ ಹಂಚುವ ವ್ಯಾನಿನ ದಾರಿಯನ್ನು ಅವರು ಒಂದು ಮಧ್ಯಾಹ್ನ ಕೂತು ತಿದ್ದಿದರು. ಕೊನೆಯ ಮನೆಗೆ ಊಟ ಬಿಸಿಯಾಗಿ ಹೋಗತೊಡಗಿತು. ನಾವು ಕಂಪ್ಯೂಟರ್ ಇಟ್ಟುಕೊಂಡೂ ಅದನ್ನು ಗಮನಿಸಿರಲಿಲ್ಲ.

ಜಯನಗರ ಡೇ ಕೇರ್

ಅಮ್ಮನ ಬಿಸ್ಕತ್ತಿನ ಮಾತು ಓದಿ ಇವತ್ತೇ ನಮ್ಮ ಅಡುಗೆಯವರ ಜೊತೆ ಮಾತಾಡಿದೆ. ಮೊದಲ ಸಭೆಗೆ ನಮ್ಮ ಹಾಲ್ ಕೊಡುತ್ತೇನೆ. ನೆಲಮಹಡಿ, ಮೆಟ್ಟಿಲು ಎರಡೇ. ವೀಲ್‌ಚೇರ್‌ಗೆ ಹಲಗೆ ಹಾಕಿಸುತ್ತೇನೆ.

ಕೆಂಗೇರಿ ಆಶ್ರಮದವರು

ಎಲ್ಲರಿಗೂ ಕೈಮುಗಿಯುತ್ತೇನೆ. ಇಷ್ಟು ಜನ ಇಷ್ಟು ಮನಸ್ಸಿಟ್ಟು ಬರೆಯುತ್ತೀರಿ ಅಂದುಕೊಂಡಿರಲಿಲ್ಲ. ನಿನ್ನೆ ರಾತ್ರಿ ಯಜಮಾನರೂ ನಾನೂ ಕೂತು ಒಂದು ತೀರ್ಮಾನ ಮಾಡಿದೆವು. ಒಕ್ಕೂಟಕ್ಕೆ ಸದ್ಯ ಹೆಸರು ಇಡುವುದಿಲ್ಲ. ಒಂದು ರಿಜಿಸ್ಟರ್ ಇಡುತ್ತೇವೆ. ಪ್ರತಿ ಶನಿವಾರ ಸಂಜೆ ಒಬ್ಬೊಬ್ಬರೂ ತಮ್ಮ ಸಾಲು ತುಂಬಿ ಕಳಿಸುವುದು. ಗಂಡಸರ ಹಾಸಿಗೆ ಎಷ್ಟು ಖಾಲಿ, ಹೆಂಗಸರದ್ದು ಎಷ್ಟು. ಕ್ಯಾತಿಟರ್, ಮೂಗಿನ ನಳಿಕೆ, ಬೆಡ್‌ಸೋರ್ ಇದ್ದವರನ್ನು ತೆಗೆದುಕೊಳ್ಳುತ್ತೀರಾ. ಮರೆವಿನ ಕಾಯಿಲೆ ಇದ್ದವರನ್ನು? ತಿಂಗಳಿಗೆ ಎಷ್ಟು, ಉಚಿತ ಹಾಸಿಗೆ ಇದೆಯಾ. ರಾತ್ರಿ ಎಂಟರ ಮೇಲೆ ಫೋನ್ ಎತ್ತುವವರು ಯಾರು. ಕ್ಯಾನ್ಸರ್ ಕೊನೆಯ ಹಂತ ಇದ್ದರೆ ಮಾರತ್ತಹಳ್ಳಿ ಕಡೆಯ ಕರುಣಾಶ್ರಯದಲ್ಲಿ ಉಚಿತವಾಗಿ ನೋಡಿಕೊಳ್ಳುತ್ತಾರೆ, ಅದನ್ನೂ ಪುಟದ ಮೇಲೆ ಬರೆದಿದ್ದೇನೆ. ಆಶ್ರಮವಾಸಿ ಅಮ್ಮ ಹೇಳಿದ ಹಾಗೆ ರಾತ್ರಿ ಊಟ ಎಷ್ಟು ಗಂಟೆಗೆ ಅಂತಲೂ ಒಂದು ಕಲಂ ಇದೆ.

ಹೊಸಕೋಟೆಯವರಿಗೆ ಫೋನ್ ಮಾಡಿದ್ದೆ. ಅವರೂ ಸೇರುತ್ತಾರೆ. ಆ ಅಜ್ಜ ಈಗ ಗೋಡೆ ಹಿಡಿದು ನಡೆಯುತ್ತಿದ್ದಾರಂತೆ. ಹೊಸ ಚಪ್ಪಲಿ ಕೊಡಿಸಿದ್ದಾರೆ.

ಹಳೇ ನರ್ಸಮ್ಮ, ಶಿವಾಜಿನಗರ

ಇನ್ನೊಂದು ಕಲಂ ಹಾಕಿ ಮೇಡಂ. ಭಾಷೆ. ಮರೆವಿನ ಕಾಯಿಲೆ ಜಾಸ್ತಿ ಆದವರಿಗೆ ಎಷ್ಟೋ ಸಲ ಆಮೇಲೆ ಕಲಿತ ಭಾಷೆ ಮೊದಲು ಹೋಗುತ್ತದೆ, ಮನೆಮಾತು ಉಳಿಯುತ್ತದೆ. ಐವತ್ತು ವರ್ಷ ಕನ್ನಡ ಮಾತಾಡಿದ ಒಬ್ಬ ಅಜ್ಜಿ ನಮ್ಮ ವಾರ್ಡಿನಲ್ಲಿ ಎರಡು ದಿನ ‘ತಣ್ಣಿ, ತಣ್ಣಿ’ ಅನ್ನುತ್ತಿದ್ದರು. ಚಳಿ ಆಗುತ್ತಿದೆ ಅಂದುಕೊಂಡು ಹೊಸ ಆಯಾ ಕಂಬಳಿ ಹೊದಿಸುತ್ತಿದ್ದಳು. ಅವರು ತಮಿಳಿನಲ್ಲಿ ನೀರು ಕೇಳುತ್ತಿದ್ದರು. ಈ ಊರಲ್ಲಿ ತಮಿಳು, ತೆಲುಗು, ಉರ್ದು, ಕೊಂಕಣಿ ಎಲ್ಲ ಇದೆ. ಯಾವ ಆಶ್ರಮದಲ್ಲಿ ಯಾವ ಭಾಷೆ ಬರುವ ಆಯಾ ಇದ್ದಾರೆ ಅಂತ ಗೊತ್ತಿರಲಿ.

ಕೆಂಗೇರಿ ಆಶ್ರಮದವರು

ಸೇರಿಸಿದೆ ಅಮ್ಮ. ನಮ್ಮ ಸಾಲು ತುಂಬಿದ್ದೇನೆ: ಕನ್ನಡ, ತೆಲುಗು, ಸ್ವಲ್ಪ ಉರ್ದು. ತಮಿಳಿನವರು ಯಾರೂ ಇಲ್ಲ. ಗೊತ್ತಿರುವ ಆಯಾ ಯಾರಾದರೂ ಕೆಂಗೇರಿ ಕಡೆ ಕೆಲಸ ಹುಡುಕುತ್ತಿದ್ದರೆ ದಯವಿಟ್ಟು ತಿಳಿಸಿ.